ನಡುಗಡ್ಡೆಯ ಬೆಂಕಿ

"ಅಜ್ಜ, ದೂರದ ಒಂದು ನಕ್ಷತ್ರದ ಸುತ್ತ ನಮ್ಮ ಭೂಮಿಯಂಥದ್ದೇ ಇನ್ನೊಂದು ತಿರುಗ್ತೈತಂತೆ. ಕಣ್ಣಿಗೆ ಕಾಣಲ್ಲ. ಅದು ಅಡ್ಡ ಬಂದಾಗೆಲ್ಲ ನಕ್ಷತ್ರದ ಬೆಳಕು ಒಂಚೂರು ಕುಗ್ತೈತೆ, ಅಷ್ಟರಿಂದಲೇ ಪತ್ತೆ ಹಚ್ಚಿದ್ದಾರೆ. ಅಲ್ಲಿ ನೀರಿರಬೋದು, ಜೀವ ಇರಬೋದು ಅಂತಾರೆ. ಖಾತ್ರಿ ಆಗೋಕೆ ಇನ್ನೂ ಬಹಳ ವರ್ಷ ಬೇಕಂತೆ. ಬೇಕಾದ್ರೆ ಬೇಕಾಗ್ಲಿ ಬಿಡು. ನಿಧಾನಕ್ಕೆ ನೋಡಿದ್ರೆ ಯಾರಿಗೇನು ನಷ್ಟ?"

ಮೈಲಾರಿ ಹಿಂಗೆ ಕೇಳ್ದ. ನನ್ನತ್ರ ಹರಿಗೋಲು ನಡೆಸೋದು ಕಲಿಯೋಕೆ ಬಂದೋನು. ಈ ಹೊಳೆ ಮ್ಯಾಲೆ ಹುಟ್ಟು ಹಿಡಿಯೋರಿಗೆಲ್ಲ ನಾನೇ ಗುರು. ಬೇರೆ ಯಾವನಾದ್ರೂ ನಾನು ಗುರು ಅಂದ್ರೆ ಅವನ ಹರಿಗೋಲು ಹೋಗಿ ನೋಡು, ತಳದಾಗೆ ತೂತಿರ್ತೈತೆ. ಸಾಲಿ ಮೆಟ್ಟಿಲು ಹತ್ತಿದೋನಲ್ಲ ನಾನು. ಅದಕ್ಕೇ ತಲೆ ಇನ್ನೂ ನೆಟ್ಟಗೈತೆ.

"ಕುಂದ್ರು, ಹೇಳ್ತೀನಿ" ಅಂದೆ.

ಒಬ್ಬ ರೈತ ಹೊಳೆ ನಡುಗಡ್ಡೆ ಮಳಲಾಗೆ ಕಲ್ಲಂಗಡಿ ಹಾಕಿದ್ದ. ಕೊನೇ ಕಾಯಿ ತರೋಕೆ ಅಂತ ಎತ್ತು ಹೊಡ್ಕೊಂಡು ಹೋದ. ಅವತ್ತೇ ಮೇಲೆಲ್ಲೋ ಮಳೆ ಬಿದ್ದು ಹೊಳೆ ಬಂತು. ನಾನು ಅದಕ್ಕಿಂತ ದೊಡ್ಡ ಹೊಳೆ ದಾಟಿದೀನಿ, ಅದು ಬೇರೆ ಮಾತು.

ಊರು ದಂಡೆಗೆ ಬಂತು. ಹಗಲು ನೋಡಿದ್ರೆ ನಡುಗಡ್ಡೇಲಿ ಬರೀ ಗಿಡಗಂಟಿ. ಕೂಗಿದ್ರೆ ನೀರಿನ ಸದ್ದಿನಾಗೆ ಕೇಳಲ್ಲ. ಕತ್ತಲಾದ ಮೇಲೆ ಗಿಡದ ಸಂದಿಯಾಗೆ ಬೆಂಕಿ ಕಾಣ್ತು. ಮಂಕಾಗ್ತಿತ್ತು, ಮತ್ತೆ ಬೆಳಗ್ತಿತ್ತು.

ಬೆಂಕಿ ಮುಂದೆ ಕಂಬಳಿ ಹಿಡಿದು ಹಿಡಿದು ತೆಗೆದ್ರೆ ಹರಿಗೋಲು ತಾ ಅಂತ. ಹೊಳೆಸಾಲಿನ ಕೂಸಿಗೂ ಇದು ಗೊತ್ತು.

ರೈತನ ಹೆಂಡ್ತಿ ಆ ಊರ ಅಂಬಿಗನ ಮುಂದೆ ನಿಂತ್ಲು. "ನನ್ನ ಗಂಡ ಕಣಣ್ಣ. ಕರೀತಾನೆ ನೋಡು."

ಅಂಬಿಗ ನೀರು ನೋಡ್ದ. "ಮನುಷ್ಯ ಅಂತ ಖಾತ್ರಿ ಆದ್ರೆ ಈಗಲೇ ಬಿಡ್ತೀನಿ ತಾಯಿ. ಗಿಡಕ್ಕೋಸ್ಕರ ಸಾಯಲ್ಲ."

"ಸರಿಯಾದ ಮಾತು" ಅಂದ ಒಬ್ಬ ವ್ಯಾಪಾರಿ. "ಗಾಳಿಗೆ ಕೊಂಬೆ ಆಡಿದ್ರೂ ಬೆಂಕಿ ಮಂಕಾಗ್ತೈತೆ. ಕೊಂಬೆ ಆದ್ರೆ ಹೆಂಗೆಂಗೋ ಆಡ್ತೈತೆ, ಮನುಷ್ಯ ಆದ್ರೆ ಒಂದೇ ಸಮ. ನೋಡಾನ."

ಬೆಳತನಕ ನೋಡಿದ್ರು. ಒಂದೇ ಸಮ ಇತ್ತು.

"ಇನ್ನೇನು?" ಅಂದ್ಲು ಆಕೆ.

ಊರ ಗೌಡ ಮೀಸೆ ಸವರಿದ. "ಒಂದೇ ಸಮ ಐತೆ, ಇಲ್ಲ ಅನ್ನಲ್ಲ. ಆದ್ರೆ ಗೂಟಕ್ಕೆ ಕಟ್ಟಿದ ಎತ್ತೂ ಒಂದೇ ಸಮ ಸುತ್ತುತೈತೆ, ಸುತ್ತಿದಾಗೆಲ್ಲ ಬೆಂಕಿಗೆ ಅಡ್ಡ ಬರ್ತೈತೆ. ನಿನ್ನ ಗಂಡ ಎತ್ತು ಬಿಟ್ಟು ಆಚೆ ದಂಡೆಗೆ ದಾಟಿರಬೋದು. ನಂಟರ ಮನ್ಯಾಗೆ ಉಣ್ತಾ ಕುಂತಿರಬೋದು."

"ಎತ್ತು ಬೆಂಕಿಗೆ ಸೌದೆ ಹಾಕ್ತೈತಾ ಗೌಡ್ರೇ?"

ನಾಕು ಜನ ನಕ್ರು. ಗೌಡ ನಗಲಿಲ್ಲ. "ದಿಮ್ಮಿ ಹತ್ಕೊಂಡ್ರೆ ಯಾರೂ ಸೌದೆ ಹಾಕೋದು ಬೇಡ. ಇನ್ನೊಂದು ರಾತ್ರಿ ನೋಡಾನ. ಖಾತ್ರಿ ಇಲ್ಲದೆ ಒಬ್ಬನ್ನ ಹೊಳೆಗೆ ನೂಕೋಕೆ ಆಗ್ತೈತಾ?"

ನೀರು ಗಿಡದ ಬುಡಕ್ಕೆ ಬಂದಿತ್ತು.

ಮಾರನೇ ರಾತ್ರಿ ಬೆಂಕಿ ಸಣ್ಣದಿತ್ತು. ಒಂದ್ಸಲ ಮಂಕಾದ್ರೆ ಇನ್ನೊಂದ್ಸಲ ಮಂಕಾಗೋಕೆ ಬಹಳ ಹೊತ್ತು ಹಿಡೀತಿತ್ತು. ಕೆಲವು ಸಲ ಬಿಟ್ಟೇ ಹೋಗ್ತಿತ್ತು. ವ್ಯಾಪಾರಿ ಮುಖ ಅರಳ್ತು.

"ನೋಡಿದ್ರಾ? ಒಂದೇ ಸಮ ಇಲ್ಲ. ಕೊಂಬೆ ಅದು."

"ಅವನ ಕೈ ಸೋತೈತೆ" ಅಂದ್ಲು ಆಕೆ.

ಅಂಬಿಗನ ಕಡೆ ನೋಡಿದ್ಲು. ಅಂಬಿಗ ವ್ಯಾಪಾರಿ ಕಡೆ ನೋಡ್ದ. ವ್ಯಾಪಾರಿ ಗೌಡನ ಕಡೆ ನೋಡ್ದ. ಇನ್ನೊಂದು ರಾತ್ರಿ ನೋಡಾನ ಅಂದ್ರು. ಆಕೆ ತಾನೇ ಹರಿಗೋಲು ಹೊಳೆಗೆ ಎಳೀತಿದ್ಲು, ಹಿಡಿದು ಕುಂಡ್ರಿಸಿದ್ರು. ಅದಕ್ಕೆ ಮಾತ್ರ ಬಹಳ ಜನ ಮುಂದೆ ಬಂದ್ರು.

ಆಮೇಲಿನ ರಾತ್ರಿ ಬೆಂಕಿ ಇರ್ಲಿಲ್ಲ. ಗಿಡದ ತುದಿ ಮಾತ್ರ ನೀರಿನ ಮ್ಯಾಲೆ ಇತ್ತು.

ವ್ಯಾಪಾರಿ ಎದ್ದು ಪಂಚೆ ಕೊಡವಿಕೊಂಡ. "ಈಗ ಖಾತ್ರಿ ಆಯ್ತು. ಅಲ್ಲಿ ಯಾರೂ ಇಲ್ಲ. ಆತುರ ಬಿದ್ದಿದ್ರೆ ಒಬ್ಬ ಅಂಬಿಗನ್ನ ಕಳ್ಕೊಂತಿದ್ವಿ."

ಅಂಬಿಗ ಹರಿಗೋಲು ಬೋರಲು ಹಾಕಿ ಉಣ್ಣೋಕೆ ಹೋದ.

ಕತೆ ಅಲ್ಲಿಗೆ ನಿಲ್ಲಿಸಿದೆ. ಮೈಲಾರಿ ಮಳಲು ಕೆದಕ್ತಾ ಕುಂತಿದ್ದ. ಆಮೇಲೆ ಅಂದ, "ಹಂಗಾದ್ರೆ ಅವ್ರ ತೀರ್ಮಾನ ತಪ್ಪಾಯ್ತಲ್ಲಜ್ಜ."

"ತಪ್ಪೇನಿಲ್ಲಲೇ" ಅಂದೆ. "ಅವ್ರಿಗೆ ಖಾತ್ರಿ ಆಗೋ ಹೊತ್ತಿಗೆ ಅಲ್ಲಿ ಯಾರೂ ಇರ್ಲಿಲ್ಲ."