ಏಳು ಅಚ್ಚು, ಒಂದು ಹಿಡಿ ಮಂಡಕ್ಕಿ

ಹೊಳೆ ಇನ್ನೂ ತನ್ನ ಹಾದಿ ಹುಡುಕುತ್ತಿದ್ದ ಕಾಲ ಅಂತಿಟ್ಟುಕೊಳ್ಳಿ. ಆ ಹೊಳೆ ದಂಡೆಯಲ್ಲಿ ನಾಗಲಿಂಗಾಚಾರ್ರು ಅಂತ ಮರಗೆಲಸದ ಗುರುಗಳಿದ್ದರು. ಅವರ ಹತ್ತಿರ ಹನ್ನೆರಡು ವರ್ಷದಿಂದ ಮೌನಪ್ಪ ಅನ್ನೋ ಶಿಷ್ಯ.

ಗುರುಗಳ ಆಶ್ರಮದಲ್ಲಿ ಯಾರೂ ಮೊಳೆ ಮುಟ್ಟುತ್ತಿರಲಿಲ್ಲ. ಪೆಟ್ಟಿಗೆಯ ಮೂಲೆಯಲ್ಲಿ ಹಲಗೆಗೆ ಹಲಗೆ ಹಲ್ಲು ಕಚ್ಚಿ ನಿಲ್ಲಬೇಕು. ಒಂದೊಂದು ಹಲ್ಲೂ ಪಾರಿವಾಳ ಬಾಲ ಬಿಚ್ಚಿದ ಹಾಗೆ ತುದಿಗೆ ಅಗಲ. ಹಲ್ಲು ಎಷ್ಟು ಓರೆ ಇರಬೇಕು ಅಂತ ಗೀಟು ಹಾಕೋಕೆ ಮರದ ಅಚ್ಚು. ಗೋಡೆ ಮೇಲೆ ಅಂಥ ಏಳು ಅಚ್ಚು ತೂಗುತ್ತಿದ್ದವು.

ಕಲಿತು ಮುಗಿಸಿದವನು ಮುಚ್ಚಳವಿಲ್ಲದ ಪೆಟ್ಟಿಗೆ ಮಾಡಿ, ಒಳಗೆ ಹಿಡಿ ಮಂಡಕ್ಕಿ ಹಾಕಿ, ಹಗ್ಗ ಕಟ್ಟಿ ಹೊಳೆಗೆ ಬಿಡಬೇಕು. ಹೊತ್ತು ಇಳಿಯುವಾಗ ಮಂಡಕ್ಕಿ ಗರಿಗರಿ ಇದ್ದರೆ ಗುರುಗಳು ತಿನ್ನುತ್ತಾರೆ. ಮೆತ್ತಗಾದರೆ ಮೀನು ತಿನ್ನುತ್ತವೆ.

ಮೂರು ಸಲ ಮೀನು ತಿಂದರೆ ಉಳಿ ಕೆಳಗಿಟ್ಟು ಊರಿಗೆ ಹೋಗಬೇಕು. ಉಳಿ ಬಿಟ್ಟರೆ ಮೌನಪ್ಪನಿಗೆ ಬೇರೆ ಬದುಕೇ ಗೊತ್ತಿರಲಿಲ್ಲ.

"ಗುರುಗಳೇ, ಯಾವ ಅಚ್ಚು ತಗೊಳ್ಳಲಿ?"

"ನಿನಗೆ ಇಷ್ಟವಾದದ್ದು."

ಓರೆ ಹೆಚ್ಚಿದ್ದಷ್ಟೂ ಬಿಗಿ ಅಂತ ಲೆಕ್ಕ ಹಾಕಿ, ಎಲ್ಲಕ್ಕಿಂತ ಓರೆಯಾದ ಅಚ್ಚು ತೆಗೆದ. ಕೂಡಿಸುವಾಗ ಹಲ್ಲಿನ ಮೊನೆಗಳೆಲ್ಲ ಚಕ್ಕೆ ಎದ್ದವು. ಮೊದಲನೆ ಹಿಡಿ ಮೀನಿಗೆ ಹೋಯಿತು.

ಮೌನಪ್ಪ ನಿದ್ದೆಗೆಟ್ಟ. ಕಡೆಗೊಮ್ಮೆ ತಲೆ ಕೆರೆಯುತ್ತಾ ಬಂದ.

"ಗುರುಗಳೇ, ಗೋಡೆದು ಬೇಡ. ನಿಮ್ಮ ಚೀಲದಲ್ಲಿರೋ ಅಚ್ಚು ಕೊಡ್ತೀರಾ?"

ನಲವತ್ತು ವರ್ಷ ಗುರುಗಳ ಕೈಯಲ್ಲಿದ್ದ ಅಚ್ಚು ಅದು. ತುಪ್ಪದಲ್ಲಿ ಅದ್ದಿದ ಹಾಗೆ ಮಿನುಗುತ್ತಿತ್ತು. ಗುರುಗಳು ಚೀಲ ಬಿಚ್ಚಿ ಕೊಟ್ಟರು.

ಈ ಸಲ ಒಂದು ಹಲ್ಲೂ ಮುರಿಯಲಿಲ್ಲ. ಆದರೆ ಮೂಲೆಮೂಲೆಗೂ ಕೂದಲೆಳೆಯಷ್ಟು ಸಂದಿ. ಎರಡನೆ ಹಿಡಿಯೂ ಹೊಳೆಯ ಪಾಲು.

"ಮೀನುಗಳು ನಿನ್ನ ಹೆಸರು ಹೇಳಿಕೊಂಡು ಕೊಬ್ಬುತ್ತಿವೆ ಕಣೋ," ಅಂದರು ಗುರುಗಳು.

"ನಿಮ್ಮ ಅಚ್ಚಿನಲ್ಲೇ ಗೀಟು ಹಾಕಿದ್ದು!"

"ನಲವತ್ತು ವರ್ಷ ಗೀಟು ಎಳೆದೂ ಎಳೆದೂ ನನ್ನ ಚೂರಿ ಅದರ ಒಂದು ಮಗ್ಗುಲು ತಿಂದಿದೆ, ಮಗಾ. ಅದು ಸವೆದಷ್ಟು ನನ್ನ ಕೈ ವಾಲುತ್ತದೆ. ನಿನ್ನ ಕೈ ನೆಟ್ಟಗಿದೆ."

"ಗೊತ್ತಿದ್ದೂ ಯಾಕೆ ಕೊಟ್ಟಿರಿ?"

"ಕೊಡದಿದ್ದರೆ ನೀನು ಸಾಯೋವರೆಗೂ ಅದನ್ನೇ ಬಯಸುತ್ತಿದ್ದೆ."

ಮೌನಪ್ಪನ ಕಣ್ಣು ತುಂಬಿತು. "ಇನ್ನು ಒಂದೇ ಸಲ ಉಳಿದಿದೆ, ಗುರುಗಳೇ. ಏನು ಮಾಡಲಿ?"

ಗುರುಗಳು ಉಳಿದಿದ್ದ ಹಲಸಿನ ಹಲಗೆ ಎತ್ತಿ, ಹೊಂಗೆ ನೆರಳಲ್ಲಿ ಹಾಕಿದರು.

"ತಲೆ ಇಟ್ಟು ಮಲಗು."

"ಪೆಟ್ಟಿಗೆ?"

"ಮಲಗು ಅಂದೆ."

ಹೊಂಗೆ ಹೂವು ಒಂದೊಂದಾಗಿ ಮೈಮೇಲೆ ಉದುರುತ್ತಿತ್ತು. ಹೊಳೆ ಸದ್ದು ಹತ್ತಿರ ಬಂತು, ದೂರ ಹೋಯಿತು. ಯಾವಾಗ ಕಣ್ಣು ಹತ್ತಿತೋ.

ಕನಸಿನಲ್ಲಿ ಒಂದು ಹಲಸಿನ ಮರ ಮೊಣಕಾಲುದ್ದ ನೀರಲ್ಲಿ ಹೊಳೆ ದಾಟುತ್ತಿತ್ತು. ಅರ್ಧದಲ್ಲಿ ನಿಂತು ಕೈ ಚಾಚಿತು. ಮೌನಪ್ಪ ಕೈ ಕೊಟ್ಟ. ಬೆರಳಿನ ಸಂದಿಗೆ ಬೆರಳು ಬಂದು ಕೂತಿತು. ನೋಯುವಷ್ಟು ಬಿಗಿಯಲ್ಲ, ಜಾರುವಷ್ಟು ಸಡಿಲವಲ್ಲ. ಹೀಗೇ ಕೈ ಹಿಡಿದು ಅವ್ವ ಒಮ್ಮೆ ಹೊಳೆ ದಾಟಿಸಿದ್ದಳು.

ಎಚ್ಚರವಾದಾಗ ಅವನ ಎರಡು ಕೈಯೂ ಎದೆ ಮೇಲೆ ಒಂದಕ್ಕೊಂದು ಹೆಣೆದುಕೊಂಡಿದ್ದವು.

ತುಂಬಾ ಹೊತ್ತು ಆ ಬೆರಳುಗಳನ್ನೇ ನೋಡಿದ. ಆಮೇಲೆ ಅದೇ ಹಲಗೆಯ ತುದಿ ಕೊಯ್ದು, ಬೆರಳು ಎಷ್ಟು ಓರೆಯೋ ಅಷ್ಟೇ ಓರೆಗೆ ಒಂದು ಅಚ್ಚು ಕೆತ್ತಿದ. ಗೋಡೆಯ ಕಡೆ ತಿರುಗಿಯೂ ನೋಡಲಿಲ್ಲ.

ಆ ಅಚ್ಚಿನಲ್ಲಿ ಗೀಟು ಹಾಕಿ ಕೂಡಿಸಿದ ಮೂರನೆ ಪೆಟ್ಟಿಗೆ ಬೆಳಗ್ಗೆ ನೀರಿಗೆ ಇಳಿಯಿತು. ಬಾತುಕೋಳಿಯ ಹಾಗೆ ತೇಲಿತು. ಮೀನುಗಳು ಕೆಳಗೆ ಸುತ್ತಿ ಸುತ್ತಿ ಕಾದವು. ಮೌನಪ್ಪ ದಂಡೆಯಲ್ಲಿ ಹಗ್ಗ ಹಿಡಿದು ಕೂತೇ ಇದ್ದ. ಅನ್ನ ನೀರು ಬೇಕು ಅನ್ನಿಸಲಿಲ್ಲ.

ಹೊತ್ತು ಇಳಿಯಿತು. ಗುರುಗಳು ಬಂದು ಪೆಟ್ಟಿಗೆಯೊಳಗೆ ಕೈ ಹಾಕಿದರು. ಒಂದಿಷ್ಟು ಬಾಯಿಗೆ ಹಾಕಿಕೊಂಡರು.

ಕರುಂ ಕುರುಂ.

ಮೌನಪ್ಪ ಅವರ ಕಾಲಿಗೆ ಬಿದ್ದ. ಎದ್ದವನೇ ಓಡಿಹೋಗಿ ತನ್ನ ಅಚ್ಚು ತಂದು, ಗೋಡೆಯ ಏಳರ ಪಕ್ಕ ಎಂಟನೆಯದಾಗಿ ತೂಗುಹಾಕಿದ.

"ಮುಂದೆ ಕಲಿಯೋಕೆ ಬರೋರಿಗೆ ಇದು ಇರಲಿ, ಗುರುಗಳೇ. ಅವರು ನನ್ನ ಹಾಗೆ ಒದ್ದಾಡೋದು ಬೇಡ."

ಗುರುಗಳು ಅಂಗೈಯಲ್ಲಿ ಉಳಿದ ಮಂಡಕ್ಕಿ ಊದಿ, ಏಳು ಅಚ್ಚುಗಳ ಕಡೆ ನೋಡಿ ನಕ್ಕರು.

"ಇರಲಿ ಬಿಡು. ಆ ಏಳು ಅಚ್ಚು ಕೆತ್ತಿ ತೂಗುಹಾಕಿದವರೂ ಇದನ್ನೇ ಅಂದಿದ್ದರು. ಮೀನುಗಳೂ ಬದುಕಬೇಕಲ್ಲ."