ರಾಣಿಯ ಫಟಫಟಿಗೆ ಟೈಮಿಂಗ್ ಕೂರಿಸಿದವಳು

“ಕೇಳಿರಪ್ಪೋ ಕೇಳಿ. ರಾಣಿ ಚಿಕ್ಕತಾಯಮ್ಮಣ್ಣಿಯವರ ಫಟಫಟಿಯನ್ನು ಇನ್ನು ಮೇಲೆ ಯಾರೂ ಸುಮ್ಮನೆ ಬಿಚ್ಚುವ ಹಾಗಿಲ್ಲ. ಬಿಚ್ಚುವವರು ಮೊದಲು ಮೂರು ಒಗಟು ಬಿಡಿಸಬೇಕು. ಬಿಡಿಸಿದವರಿಗೆ ಅರಮನೆಯ ಗ್ಯಾರೇಜಿನ ಯಜಮಾನಿಕೆ. ತಪ್ಪಿದವರು ಹೊತ್ತು ಮುಳುಗುವುದರೊಳಗೆ ರಾಜ್ಯದ ಗಡಿ ದಾಟಬೇಕು.”

ಹರದನಕೋಟೆಯಲ್ಲಿ ಹೀಗೆ ಡಂಗುರ ಸಾರಿದ ದಿನ ಮುದ್ದೀರಿ ಬೆಟ್ಟದ ಮೇಲಿನ ತನ್ನೂರಿನ ಹಿಟ್ಟಿನ ಗಿರಣಿಯಲ್ಲಿ ಕಲ್ಲು ಕುಟ್ಟುತ್ತ ಕೂತಿದ್ದಳು. ಸವೆದ ಗಿರಣಿ ಕಲ್ಲಿಗೆ ಉಳಿಯಿಂದ ಹಲ್ಲು ಮೂಡಿಸುವುದು ಅವಳ ಕಸುಬು. ಗಿರಣಿಯ ಸೀಮೆಎಣ್ಣೆ ಇಂಜಿನ್ನು ನೋಡಿಕೊಳ್ಳುವವಳೂ ಅವಳೇ.

ರಾಣಿ ನ್ಯಾಯ ಹೇಳಲು ಊರೂರಿಗೆ ಹೋಗುತ್ತಿದ್ದುದು ಆ ಫಟಫಟಿಯ ಮೇಲೆ. ಬೆಟ್ಟದ ಏರಿಗೆ ಸಾಲದೆಂದು ಎರಡು ವರ್ಷದ ಹಿಂದೆ ಬೇರೆ ಗಾಡಿಯ ಭಾರದ ಫ್ಲೈವೀಲ್, ಅಂದರೆ ಇಂಜಿನ್ನಿನ ತಿರುಗುಚಕ್ರ, ಹಾಕಿಸಿದರು. ಕಾಟ ಶುರುವಾದದ್ದು ಆಗಲೇ. ಟೈಮಿಂಗ್, ಅಂದರೆ ಕಿಡಿ ಹಾರುವ ಹೊತ್ತು, ಸರಿಮಾಡಿದರೆ ಹತ್ತು ದಿನ ನೆಟ್ಟಗೆ. ಆಮೇಲೆ ಕಿಕ್ ಹೊಡೆದವರ ಕಾಲಿಗೇ ತಿರುಗಿ ಒದೆಯುವುದು, ಸೈಲೆನ್ಸರಿನಲ್ಲಿ ಢಮ್ಮೆನ್ನುವುದು, ಏರಿನ ನಡುವೆ ನಿಂತುಬಿಡುವುದು. ಮುದ್ದೀರಿಯ ಊರಿನ ಕಾಲುವೆ ಜಗಳ ರಾಣಿಯ ದಾರಿ ಕಾಯುತ್ತ ನಾಲ್ಕು ತಿಂಗಳಾಗಿತ್ತು. ಮೇಲಿನ ಕೇರಿಯವರೂ ಕೆಳಗಿನ ಕೇರಿಯವರೂ ಮಾತು ಬಿಟ್ಟಿದ್ದರು. ಗಿರಣಿಗೂ ಬೇರೆ ಬೇರೆ ಹೊತ್ತಿನಲ್ಲಿ ಬರುತ್ತಿದ್ದರು. ಮುದ್ದೀರಿ ಉಳಿ ಒರೆಸಿಟ್ಟು ಬೆಟ್ಟ ಇಳಿದಳು.

ಅವಳು ಅರಮನೆಗೆ ಹೋಗಿ ನಿಲ್ಲುವ ಹೊತ್ತಿಗೆ ಬಂದರಿನ ಮೆಕ್ಯಾನಿಕ್ಕೊಬ್ಬ ಮೊದಲ ಒಗಟಿಗೇ ಸೋತು ಗಂಟು ಕಟ್ಟುತ್ತಿದ್ದ. ಅರಮನೆಯ ಹಳೆಯ ಮೇಸ್ತ್ರಿ ಪರಪ್ಪಾಚಾರಿ ಎರಡು ಬಿಡಿಸಿ ಮೂರನೆಯದರ ಮುಂದೆ ನಿಂತಿದ್ದರು. ಸರದಿಯಲ್ಲಿದ್ದ ಮುಂದಿನವರಿಗೆ ಕೇಳಿಸದಂತೆ ಅವರ ಉತ್ತರವನ್ನು ರಾಣಿಯ ಕಿವಿಗೆ ಮಾತ್ರ ಹೇಳಬೇಕಿತ್ತು. ರಾಣಿ ಕೇಳಿಸಿಕೊಂಡು ತಲೆಯಾಡಿಸಿದರು. “ಅದನ್ನೂ ಮಾಡಿ ನೋಡಿದೆವಲ್ಲ ಆಚಾರ್ರೇ. ಹನ್ನೊಂದೇ ದಿನ ಬಂತು.” ಮೂವತ್ತು ವರ್ಷ ಅಲ್ಲೇ ದುಡಿದ ಮೇಸ್ತ್ರಿ ಸ್ಪಾನರಿನ ಪೆಟ್ಟಿಗೆ ಹೊತ್ತು ಹೊರಟರು. ಮುದ್ದೀರಿ ಅವರಿಗೆ ದಾರಿ ಬಿಟ್ಟು ಮುಂದೆ ಬಂದಳು.

“ನೀನೂ ಹೇಳ್ತೀಯೇನಮ್ಮ?” ಎಂದರು ರಾಣಿ.

“ಗೊತ್ತಿದ್ದಷ್ಟು ಹೇಳ್ತೀನಿ, ತಾಯಿ.”

“ಒಬ್ಬ ಸಾಕ್ಷಿ ಇದ್ದಾನೆ. ತನ್ನೂರಿನಲ್ಲಿ ಒಂದು ದಿನವೂ ಸುಳ್ಳಾಡಿದವನಲ್ಲ. ನಮ್ಮ ಮನೆಗೆ ಬಂದ ಮೇಲೆ ಅವನ ಮಾತು ಒಂದೂ ನಿಜವಾಗಲಿಲ್ಲ. ಅವನೇನೂ ಬದಲಾಗಿಲ್ಲ. ಯಾರವನು?”

ಮುದ್ದೀರಿ ಫಟಫಟಿಯ ಕಡೆ ನೋಡಿದಳು. “ಫ್ಲೈವೀಲಿನ ಮೇಲಿರೋ ಟೈಮಿಂಗ್ ಗೆರೆ. ಬೇರೆ ಗಾಡಿಗೆ ಅಂತ ಕೊರೆದ ಗೆರೆ ಈ ಗಾಡಿಗೆ ಹೇಗೆ ಸರಿಯಾದೀತು? ಪ್ಲಗ್ ಬಿಚ್ಚಿ, ಕಡ್ಡಿ ಇಳಿಬಿಟ್ಟು, ಪಿಸ್ಟನ್ ಮೇಲೆ ಬರೋ ಜಾಗ ನೋಡಿ ಹೊಸ ಗೆರೆ ಹಾಕಬೇಕು.”

“ಸರಿ. ಇನ್ನೊಬ್ಬನಿದ್ದಾನೆ. ಯಾರೂ ಕೊಯ್ಯದಿದ್ದರೂ ದಿನಕ್ಕಿಷ್ಟು ಕುಗ್ಗುತ್ತಾನೆ. ಅವನು ಕುಗ್ಗಿದಷ್ಟೂ ಮನೆಯ ಕೆಲಸವೆಲ್ಲ ತಡ. ಅವನು ಕೇಳುವುದು ರಾಗಿಕಾಳಿನಷ್ಟು ಊಟ, ಅದನ್ನೂ ಹಾಕಲು ಎಲ್ಲರೂ ಮರೆಯುತ್ತಾರೆ.”

ಇದಕ್ಕೆ ಅವಳಿಗೆ ನಗು ಬಂತು. ಗಿರಣಿಯಲ್ಲಿ ಅವಳೂ ಒಮ್ಮೆ ಮರೆತು ಪಾಡುಪಟ್ಟಿದ್ದಳು. “ಕಿಡಿ ಹಾರಿಸೋ ಪಾಯಿಂಟಿನ ಹಿಮ್ಮಡಿ. ಅದನ್ನ ಎತ್ತಿ ಇಳಿಸೋ ಕ್ಯಾಮಿಗೆ ಉಜ್ಜಿ ಉಜ್ಜಿ ಸವೀತದೆ. ಸವೆದಷ್ಟೂ ಕಿಡಿ ತಡ. ಕ್ಯಾಮಿಗೆ ಚೂರು ಗ್ರೀಸ್ ಸವರಿದರೆ ಸುಮ್ಮನಿರ್ತದೆ.”

ರಾಣಿ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು. “ಮೂರನೆಯದು. ಜಾಗ ತೋರಿಸಲೆಂದು ಒಬ್ಬ ಆಳನ್ನಿಟ್ಟೆವು. ನಡು ಮುರಿದು ಬಿದ್ದ. ಇನ್ನೊಬ್ಬನನ್ನಿಟ್ಟೆವು, ಅವನೂ ಬಿದ್ದ. ಗಟ್ಟಿ ಉಕ್ಕಿನವನನ್ನೇ ತಂದಿಟ್ಟರೂ ಬಿದ್ದ. ತಪ್ಪು ಯಾರದು? ಇದರ ಉತ್ತರ ನನಗೂ ಗೊತ್ತಿಲ್ಲ. ಹೇಳಿದರೆ ಸಾಲದು, ತೋರಿಸಬೇಕು.”

ಆಳು ಯಾರೆಂದು ಮುದ್ದೀರಿಗೆ ತಿಳಿಯಿತು. ಫ್ಲೈವೀಲನ್ನು ಶಾಫ್ಟಿನ ಮೇಲೆ ಕೂರಿಸುವಾಗ ನಡುವೆ ಇಡುವ ಬೆರಳುಗುರಿನಷ್ಟು ಲೋಹದ ಬೆಣೆ, ಕೀ. ಅದು ಮುರಿದಾಗಲೆಲ್ಲ ಫ್ಲೈವೀಲ್ ಜರುಗಿ ಟೈಮಿಂಗ್ ತಪ್ಪುತ್ತಿತ್ತು. ತಪ್ಪು ಯಾರದೆಂದು ಮಾತ್ರ ತಟ್ಟನೆ ಹೊಳೆಯಲಿಲ್ಲ. ಹೊತ್ತು ಇಳಿಯುತ್ತಿತ್ತು, ಗಡಿ ಮೂರು ಹರಿದಾರಿ. ಅವಳು ಕಣ್ಣು ಮುಚ್ಚಿ, ಕಲ್ಲಿನ ಮೇಲೆ ಕಲ್ಲು ಕೂರಿಸುವಾಗ ಎಲ್ಲೆಲ್ಲಿ ತಾಗುತ್ತದೆಂದು ತಿಳಿಯಲು ತಾನು ಏನು ಮಾಡುತ್ತೇನೆಂದು ನೆನೆದಳು.

“ಸ್ವಲ್ಪ ಕೆಮ್ಮಣ್ಣು, ಎಣ್ಣೆ ಕೊಡಿಸಿ ತಾಯಿ.”

ಫ್ಲೈವೀಲ್ ಬಿಚ್ಚಿದಳು. ಶಾಫ್ಟಿನ ಓರೆ ತುದಿಗೆ ಕೆಮ್ಮಣ್ಣಿನ ಎಣ್ಣೆ ತೆಳ್ಳಗೆ ಬಳಿದು, ಫ್ಲೈವೀಲನ್ನು ಮತ್ತೆ ಒತ್ತಿ ಕೂರಿಸಿ ತೆಗೆದಳು. ಅದರ ತೂತಿನ ಬಾಯಲ್ಲಿ ಒಂದು ಕೆಂಪು ಉಂಗುರ ಮೂಡಿತ್ತು. ಒಳಗೆಲ್ಲ ಬರೀ ಕಬ್ಬಿಣ.

“ನೋಡಿ, ಅಂಚಿನಲ್ಲಿ ಮಾತ್ರ ತಾಗಿದೆ. ಕೀ ಇರೋದು ಜಾಗ ತೋರಿಸೋಕೆ, ಭಾರ ಹೊರೋಕಲ್ಲ. ಹಿಡಿದು ನಿಲ್ಲಿಸಬೇಕಾದ್ದು ಈ ಎರಡು ಮೈ. ಅವು ಕೂಡಿಲ್ಲ, ಅದಕ್ಕೇ ಪಾಪ ಅವನ ನಡು ಮುರೀತಿದೆ. ಉಜ್ಜುವ ಪೇಸ್ಟ್ ಹಚ್ಚಿ ಇವೆರಡನ್ನೂ ಒಂದಕ್ಕೊಂದು ತಿಕ್ಕಬೇಕು, ತೂತೆಲ್ಲ ಕೆಂಪಾಗೋವರೆಗೂ.”

ರಾಣಿ ಎದ್ದು ಬಂದು ಉಂಗುರವನ್ನು ಬೆರಳಿನಿಂದ ಮುಟ್ಟಿ ನೋಡಿದರು. “ತಿಕ್ಕು” ಎಂದರು.

ಎರಡು ದಿನ ತಿಕ್ಕಿದಳು. ಕೀ ಇಟ್ಟು ಬಿಗಿದಳು, ಹೊಸ ಗೆರೆ ಕೊರೆದಳು, ಕ್ಯಾಮಿಗೆ ಗ್ರೀಸ್ ಸವರಿದಳು. ಬೆಟ್ಟಕ್ಕೆ ಒಯ್ಯುವ ಮೊದಲು ಗಾಡಿಯನ್ನು ಕೋಟೆಯ ಸುತ್ತಲೇ ಓಡಿಸಿ ನೋಡಿದರು. ಹತ್ತು ದಿನ ಕಳೆಯಿತು, ಹದಿನೈದು ಕಳೆಯಿತು. ನಲವತ್ತನೆಯ ದಿನವೂ ಒಂದೇ ಕಿಕ್ಕಿಗೆ ಇಂಜಿನ್ ಹಿಡಿಯಿತು, ಗೆರೆ ಕೂದಲಷ್ಟೂ ಸರಿದಿರಲಿಲ್ಲ.

ರಾಣಿ ಗ್ಯಾರೇಜಿನ ಬೀಗದ ಕೈ ಅವಳ ಕೈಗಿತ್ತರು. “ಇನ್ನೇನು ಬೇಕು, ಕೇಳು.”

“ದಿನಾ ಮಧ್ಯಾಹ್ನದವರೆಗೆ ಇಲ್ಲಿರ್ತೀನಿ, ತಾಯಿ. ಆಮೇಲೆ ಗಿರಣಿ ಶುರುಮಾಡಬೇಕು, ಜನ ಕಾಯ್ತಿರ್ತಾರೆ. ಆ ಹೊತ್ತಿಗೆ ಇಲ್ಲಿ ಪರಪ್ಪಾಚಾರ್ರಿದ್ದರೆ ಚೆನ್ನ. ಎರಡು ಒಗಟು ಬಿಡಿಸಿದವರು, ಮೂರನೆಯದನ್ನ ನಾನು ಹೇಳಿಕೊಡ್ತೀನಿ. ಅವರನ್ನೂ ಆ ಬಂದರಿನವರನ್ನೂ ಗಡಿಯಾಚೆಯಿಂದ ಕರೆಸಿ.”

“ಕರೆಸೋಣ” ಎಂದು ರಾಣಿ ನಕ್ಕರು. “ಈಗ ಹಿಂದೆ ಹತ್ತು. ನಿಮ್ಮೂರಿನ ಕಾಲುವೆ ನೋಡಿ ಬರೋಣ.”

ಫಟಫಟಿ ಎಲ್ಲೂ ತಡವರಿಸದೆ ಬೆಟ್ಟ ಹತ್ತಿತು. ಊರು ಹತ್ತಿರವಾದಂತೆ ಸದ್ದು ಕೇಳಿ ಎರಡೂ ಕೇರಿಯವರು ಹೊರಗೆ ಬಂದರು. ಐದೂವರೆ ತಿಂಗಳ ಮೇಲೆ ಅಂದು ಅವರು ಒಂದೇ ಕಡೆ ಸೇರಿ ನಿಂತಿದ್ದರು.