ಹಾಲವ್ವನ ಚುಕ್ಕಿ

ನಮ್ಮಜ್ಜಿಯ ಅಜ್ಜಿಗೂ ಹಲ್ಲು ಮೂಡಿರದ ಕಾಲಕ್ಕೆ, ಒಂದು ಕುರುಬರ ಹಟ್ಟಿಯಲ್ಲಿ ಹಾಲವ್ವ ಅಂತ ಒಬ್ಬಳಿದ್ದಳಂತೆ. ಎಳೇ ವಯಸ್ಸಿಗೇ ಗಂಡ ಸತ್ತಿದ್ದ. ಸೊಂಟದ ಮೇಲೆ ಒಂದು ಹೆಣ್ಣು ಕೂಸು, ತಲೆಯ ಮೇಲೆ ಅತ್ತೆ ಕರಿಯವ್ವ.

ಹಾಲವ್ವ ದಿನಾ ಕುರಿ ರೊಪ್ಪಕ್ಕೆ ತಡಿಕೆ ಮುಚ್ಚಿ, ಕತ್ತಲಾಗುತ್ತಲೇ ಗುಡ್ಡ ಹತ್ತೋಳಂತೆ. ಹಟ್ಟಿಯ ಹೆಂಗಸರು ಸುಮ್ಮನಿರುತ್ತಾರಾ? ಉಣ್ಣೆ ವ್ಯಾಪಾರಿಯೂ ಅತ್ತಲೇ ಹೋದ ಅಂದರಂತೆ. ಮೀಸೆ ಚೆನ್ನಾಗಿತ್ತಂತೆ ಅವನದು. ಮೊದಲು ಬಾಯಿಬಿಟ್ಟವಳು ಅತ್ತೆಯೇ.

ಕುಲದವರು ಕೂಡಿದರು. ಗುಡ್ಡಕ್ಕೆ ಯಾತಕ್ಕೆ ಹೋಗತೀಯ ತೋರಿಸು, ಇಲ್ಲಾ ಕೂಸನ್ನ ಇಲ್ಲೇ ಬಿಟ್ಟು ಹಟ್ಟಿ ಬಿಡು ಅಂದನಂತೆ ಹಟ್ಟಿಯ ಯಜಮಾನ.

"ಚುಕ್ಕಿ ನೋಡಾಕೆ," ಅಂದಳಂತೆ ಹಾಲವ್ವ. ಬೇರೆ ಚುಕ್ಕಿಗಳೆಲ್ಲ ಒಟ್ಟಿಗೆ ಹೋಗತಾವೆ, ಇದೊಂದು ಸಣ್ಣದು ದಿನಾ ತುಸು ಸರಿಯತೈತೆ, ನಿಲ್ಲತೈತೆ, ಹಿಂದಕ್ಕೂ ಹೋಗತೈತೆ, ಮಾಯವಾದರೆ ವರ್ಷ ಕಳೆದ ಮೇಲೇ ಮತ್ತೆ ಕಾಣೋದು ಅಂದಳಂತೆ.

ಈಗಿನ ದುರ್ಬೀನಿನವರೂ ಅದನ್ನೇ ಹೇಳುತ್ತಾರಂತೆ. ಆದರೆ ಅದು ಚುಕ್ಕಿಯಲ್ಲ, ಬಂಡೆಯಂತೆ. ಮಂಗಳಕ್ಕೂ ಗುರುವಿಗೂ ನಡುವೆ ಅಂಥ ಬಂಡೆಗಳ ಹಿಂಡೇ ಸೂರ್ಯನ ಸುತ್ತ ಓಡಾಡುತ್ತದಂತೆ. ಇದಕ್ಕೆ ಒಂದು ಸುತ್ತು ಬರಲು ನಾಲ್ಕು ವರ್ಷದ ಹತ್ತಿರ ಬೇಕಂತೆ. ನಮ್ಮ ಭೂಮಿ ಬೇಗ ಬೇಗ ಅದನ್ನ ದಾಟಿ ಹೋಗುವಾಗ ಅದು ಹಿಂದೆ ಸರಿದಂಗೆ ಕಾಣುತ್ತದಂತೆ.

ಅವತ್ತು ದುರ್ಬೀನು ಎಲ್ಲಿತ್ತು? ಅಮಾವಾಸ್ಯೆ ಸಂಜೆ ಎಲ್ಲರೂ ಗುಡ್ಡ ಹತ್ತಿದರು. ಹಾಲವ್ವ ಬೆರಳು ತೋರಿದಳು. ಅಷ್ಟೊಂದು ಚುಕ್ಕಿಗಳ ನಡುವೆ ಆ ಸಣ್ಣದು ಯಾರಿಗೂ ಕಾಣಲಿಲ್ಲ. "ಇವಳ ಚುಕ್ಕಿಗೆ ಮೀಸೆ ಇರಬೇಕು," ಅಂತ ನಕ್ಕ ಯಜಮಾನ, ಕೂಸನ್ನ ಈಸಿಕೋ ಅಂತ ಕರಿಯವ್ವನಿಗೆ ಹೇಳಿದನಂತೆ.

ಕರಿಯವ್ವ ಕೈ ಚಾಚಿದಳು. ಕೂಸು ತಾಯಿಯ ಕೊರಳು ಬಿಡಲಿಲ್ಲ. ಕರಿಯವ್ವನೂ ಎಳೆತನದಲ್ಲೇ ಗಂಡನನ್ನ ಕಳಕೊಂಡವಳು. ಅವಳ ಸಂಗತಿಯೂ ಹಟ್ಟಿಗೆ ಗೊತ್ತಿತ್ತು, ಅದು ಇಲ್ಲಿ ಬೇಡ ಬಿಡಿ. ಚಾಚಿದ ಕೈ ಹಿಂದಕ್ಕೆ ತಗೊಂಡು ಮೇಲೆ ನೋಡಿದಳಂತೆ. ಎರಡೂ ಕಣ್ಣಿಗೆ ಪೊರೆ, ಎದುರು ನಿಂತ ಟಗರೂ ಕಾಣದು.

"ಅಗಾ, ಕಂಡಿತು. ನಿನ್ನ ಕಣ್ಣಿಗೆ ಏನಾಗೈತೋ ಯಜಮಾನಪ್ಪ?" ಅಂದಳಂತೆ.

ಕುರುಡು ಮುದುಕಿಗೆ ಕಂಡದ್ದು ತಮಗೆ ಕಾಣಲಿಲ್ಲ ಅನ್ನೋದು ಹೆಂಗೆ? ಒಬ್ಬೊಬ್ಬರಾಗಿ ಕಂಡಿತು ಅಂದರಂತೆ. ಯಜಮಾನ ಎಲ್ಲರಿಗಿಂತ ಕೊನೆಗೆ. ಹಾಲವ್ವ ಕೂಸಿನೊಂದಿಗೆ ಹಟ್ಟಿಯಲ್ಲೇ ಉಳಿದಳು.

ಹಂಗಾದರೆ ವ್ಯಾಪಾರಿಯ ಮಾತು ಸುಳ್ಳಾ ಅಂತೀರಿ. ಚುಕ್ಕಿಯೂ ಇತ್ತು, ಅವನೂ ಇದ್ದ ಅಂತೀನಿ ನಾನು.

ಇವತ್ತಿಗೂ ಆ ಹಟ್ಟಿಗೆ ಸೊಸೆ ಬಂದರೆ, ಮೊದಲ ಅಮಾವಾಸ್ಯೆ ಸಂಜೆ ಅತ್ತೆ ಕೈಹಿಡಿದು ಗುಡ್ಡಕ್ಕೆ ಕರಕೊಂಡು ಹೋಗುತ್ತಾಳೆ. ಅತ್ತೆಯೇ ಮೊದಲು ಕಂಡಿತು ಅನ್ನಬೇಕು, ಆಮೇಲೆ ಸೊಸೆ. ಮೋಡ ಮುಚ್ಚಿದ್ದರೂ ಅಷ್ಟೆ.